ಗ್ರಹಣದ ಮೇಲೇಕೆ ದೂರು, ಸೊಸೆಗೇಕೆ ಶಿಕ್ಷೆ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವಿಜ್ಞಾನ ಬೋಧಿಸಿದ ನನಗೆ ಒಂದು ಮಾತನ್ನು ಕೇಳಿ ಕೇಳಿ ರೋಸಿಹೋಗಿದೆ. ಕೂಸಿನ ಹೃದಯದಲ್ಲಿ ರಂಧ್ರವಿದೆಯೆಂದು ವೈದ್ಯರು ಹೇಳಿದೊಡನೆ ಮನೆಮಂದಿಯೆಲ್ಲ ಬಾಣಂತಿಯ ಕಡೆಗೆ ತಿರುಗುತ್ತಾರೆ: "ಗ್ರಹಣದಲ್ಲಿ ಹೊರಗೆ ಬಂದಿದ್ದೆಯಾ? ಕುಡುಗೋಲು ಮುಟ್ಟಿದ್ದೆಯಾ?" 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಬಸುರಿಯರಿಗೆ ವಿಧಿಸಿದ ಕಟ್ಟುಪಾಡುಗಳನ್ನು ನೀವೂ ಬಲ್ಲಿರಿ.

ಹೃದಯ ರೂಪುಗೊಳ್ಳುವ ಬಗೆಯನ್ನು ಅರಿತರೆ ಈ ಆರೋಪ ನಿಲ್ಲಲಾರದು. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣದ ಕೆಲವು ಜೀವಕೋಶಗಳಿಗೆ ನೆರೆಯ ಕೋಶಗಳು ಬಿಎಂಪಿ, ಎಫ್‌ಜಿಎಫ್ ಎಂಬ ಪ್ರೋಟೀನುಗಳ ಮೂಲಕ 'ನೀವು ಹೃದಯವಾಗಿರಿ' ಎಂದು ಸಂಕೇತ ಕಳುಹಿಸುತ್ತವೆ. ಆಗ ವಿಂಟ್ ಎಂಬ ಇನ್ನೊಂದು ಸಂಕೇತ ಅಲ್ಲಿ ತಗ್ಗಿರಬೇಕು. ಸಂಕೇತ ಪಡೆದ ಕೋಶಗಳು ಕೂಡಿ ಕೊಳವೆಯಾಗಿ, ಸುಮಾರು 22ನೆಯ ದಿನಕ್ಕೆ ಮಿಡಿಯತೊಡಗುತ್ತವೆ. ಕೊಳವೆ ಬಾಗಿ, ಎಂಟನೆಯ ವಾರದ ಹೊತ್ತಿಗೆ ಕೋಣೆಗಳ ನಡುವಣ ಗೋಡೆಗಳು ಬಹುಮಟ್ಟಿಗೆ ಎದ್ದಿರುತ್ತವೆ. ಸಂಕೇತಗಳು ಏರುಪೇರಾದರೆ ಗೋಡೆ ಅರ್ಧಕ್ಕೆ ನಿಲ್ಲಬಹುದು. ಆ ರಂಧ್ರ ಯಾವ ಕುಡುಗೋಲೂ ಕೊರೆದದ್ದಲ್ಲ, ಮುಚ್ಚದೆ ಉಳಿದದ್ದು. ಗ್ರಹಣವೋ ಬರಿಯ ನೆರಳು. ಏಳನೆಯ ತಿಂಗಳಲ್ಲಿ ಬಿದ್ದ ನೆರಳು ಎರಡನೆಯ ತಿಂಗಳಲ್ಲೇ ಎದ್ದ ಗೋಡೆಯನ್ನು ಒಡೆಯುವುದೆಂತು?

ಈ ಪ್ರೋಟೀನುಗಳ ಪಾಠ ಬರೆದಿರುವುದು ತಂದೆತಾಯಿಯರಿಬ್ಬರಿಂದಲೂ ಬಂದ ವಂಶವಾಹಿಗಳಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಎನ್.ಬಿ. ರಾಮಚಂದ್ರ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ರಕ್ತಸಂಬಂಧದ ಮದುವೆಗಳಿಂದ ಜನ್ಮಜಾತ ಹೃದಯದೋಷ ಹೆಚ್ಚುತ್ತದೆಂದು ತೋರಿಸಿತು. ಹೊಲ ಹೊರಗಿನವರ ಪಾಲಾಗಬಾರದೆಂದು ಅಕ್ಕನ ಮಗಳನ್ನು ಸೋದರಮಾವನಿಗೆ ಕಟ್ಟುವವರು ನಾವೇ ಅಲ್ಲವೇ? ಅಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಹೊರಸಂಬಂಧದಲ್ಲಿಯೂ ಇಂಥ ಕೂಸು ಹುಟ್ಟುವುದುಂಟು; ಅನೇಕ ವೇಳೆ ಕಾರಣವೇ ತಿಳಿಯದು. ಆದರೆ ಸಂಬಂಧ ಕುದುರಿಸಿದ ಹಿರಿಯರು ಜಗಲಿಯ ಮೇಲೆ ನಿಶ್ಚಿಂತರಾಗಿ ಕುಳಿತು, ಏನೂ ಅರಿಯದ ಹುಡುಗಿಯನ್ನು ಅಪರಾಧಿಯಾಗಿ ನಿಲ್ಲಿಸುವುದು ಯಾವ ನ್ಯಾಯ?

ಗ್ರಹಣದಂದು ಬಾಗಿಲು ಹಾಕುವ ಶ್ರದ್ಧೆಯನ್ನು ಮದುವೆಗೆ ಮುನ್ನವೇ ತೋರಿಸಿ. ಬಸಿರಿಗೆ ಮೊದಲೇ ಹುಡುಗಿಗೆ ರುಬೆಲ್ಲಾ ಲಸಿಕೆ ಹಾಕಿಸಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತನ್ನಿ. ಮೊಲೆಯುಣ್ಣುವಾಗ ಏದುಸಿರು ಬಿಡುವ, ತುಟಿ ನೀಲಿಗಟ್ಟುವ ಕೂಸನ್ನು ಯಂತ್ರ ಕಟ್ಟಿಸಲು ಒಯ್ಯದೆ, ತಡಮಾಡದೆ ಮೈಸೂರಿನ ಜಯದೇವ ಆಸ್ಪತ್ರೆಗೆ ಕರೆದೊಯ್ಯಿರಿ. ಇಂಥ ಎಷ್ಟೋ ರಂಧ್ರಗಳನ್ನು ಇಂದು ಮುಚ್ಚಬಹುದು. ತಾಯಿಯ ಮೇಲೆ ಹೊರಿಸಿದ ಕಳಂಕವನ್ನು ಅಳಿಸಬೇಕಾದವರು ಮಾತ್ರ ನೀವೇ.