ಹಲಗೆಗೆ ವಂತಿಗೆ ಎತ್ತುವವರಿಲ್ಲ

ಮುಂಬಯಿಯಲ್ಲಿ ನಮ್ಮ ಕರಾವಳಿಯವರ ಸಂಘಗಳಿಗೆ ಬರವಿಲ್ಲ. ಜಾತಿಗೊಂದು, ಊರಿಗೊಂದು, ದೇವಸ್ಥಾನಕ್ಕೊಂದು, ಹಳೆ ವಿದ್ಯಾರ್ಥಿಗಳಿಗೊಂದು. ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಎರಡೂ ಲೋಕಲ್‌ಗಳು ದಾದರಿನಲ್ಲಿ ನಿಲ್ಲುವುದರಿಂದ ಸಭೆಗಳೂ ಹೆಚ್ಚಾಗಿ ಇಲ್ಲೇ ಆಸುಪಾಸಿನಲ್ಲಿ. ಈ ಸಭೆಗಳಲ್ಲಿ ಹಣ ಎತ್ತುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಬ್ರಹ್ಮಕಲಶಕ್ಕೆ ಎತ್ತುತ್ತೇವೆ, ಶಾಲೆಯ ಶತಮಾನೋತ್ಸವಕ್ಕೆ ಎತ್ತುತ್ತೇವೆ, ಊರಿನ ಬಾಯಲ್ಲಿ ಸ್ವಾಗತ ಗೋಪುರ ನಿಲ್ಲಿಸಲಿಕ್ಕೂ ಎತ್ತುತ್ತೇವೆ. ಊರ ತೋಡಿನ ಕಿಂಡಿ ಅಣೆಕಟ್ಟಿಗೆ ಹಲಗೆ ಬೇಕು ಎಂದು ಎತ್ತಿದ್ದನ್ನು ಒಮ್ಮೆಯೂ ಕಂಡಿಲ್ಲ. ಅಂಥದೊಂದು ಸಭೆಯಲ್ಲಿ ನಾನೇ ಆ ಮಾತು ತೆಗೆದಾಗ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, "ಅದು ಸರಕಾರದ್ದು ಮಾರಾಯ್ರೆ, ನಮಗೆ ಯಾಕೆ?" ಎಂದರು. ಯಾಕೆ ಎಂದು ಹೇಳಲು ಅಲ್ಲಿ ಎರಡು ನಿಮಿಷ ಸಿಕ್ಕಿತು. ಇಲ್ಲಿ ಸ್ವಲ್ಪ ಹೆಚ್ಚು ಜಾಗವಿದೆ.

ಕರಾವಳಿಯವರಲ್ಲದ ಓದುಗರಿಗಾಗಿ ಮೊದಲು ಒಂದು ವಿವರಣೆ. ಕಿಂಡಿ ಅಣೆಕಟ್ಟು ಎಂದರೆ ಹೊಳೆಗೆ ಅಡ್ಡಲಾಗಿ ನಿಲ್ಲಿಸಿದ ಕಾಂಕ್ರೀಟ್ ಕಂಬಗಳ ಸಾಲು. ಕಂಬಗಳ ನಡುವೆ ಖಾಲಿ ಕಿಂಡಿ. ಕಂಬದ ಎರಡೂ ಪಕ್ಕದಲ್ಲಿ ಮೇಲಿನಿಂದ ಕೆಳತನಕ ಸೀಳು ಬಿಟ್ಟಿರುತ್ತಾರೆ. ಮಳೆ ನಿಂತ ಮೇಲೆ ಆ ಸೀಳಿನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ನೀರು ಏರುತ್ತ ಬರುತ್ತದೆ. ಹಳೆಯ ಕ್ರಮದಲ್ಲಿ ಹಲಗೆ ಎರಡು ಸಾಲು, ನಡುವೆ ಮೆತ್ತಿದ ಮಣ್ಣು. ಮಳೆಗಾಲ ಬರುವ ಮುನ್ನ ಎಲ್ಲವನ್ನೂ ಎತ್ತಿದರೆ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಉತ್ತರ ಕರ್ನಾಟಕದವರು ಬಾಂದಾರ ಎನ್ನುವುದೂ, ಮಹಾರಾಷ್ಟ್ರದಲ್ಲಿ ಕೊಲ್ಹಾಪುರ ಮಾದರಿ ಬಂಧಾರ ಎನ್ನುವುದೂ ಇದರ ಅಣ್ಣತಮ್ಮಂದಿರೇ. ಎಷ್ಟು ನೀರು ಬೇಕೋ ಅಷ್ಟು ಹಲಗೆ. ಇದಕ್ಕಿಂತ ಸರಳವಾದ, ಅಗ್ಗವಾದ ನೀರಿನ ಯಂತ್ರ ನನಗೆ ಗೊತ್ತಿಲ್ಲ. ನಾನು ಎಂಟೆಕ್ ಮಾಡಿದ್ದು ಹೈಡ್ರಾಲಿಕ್ಸಿನಲ್ಲಿ, ಅನ್ನ ತಿನ್ನುತ್ತಿರುವುದು ಸಾಫ್ಟ್‌ವೇರಿನಲ್ಲಿ, ಅದು ಬೇರೆ ಕಥೆ.

ಸರಳ ಎಂದೆ, ಸಸಾರ ಎಂದಲ್ಲ. ಎರಡು ಮೀಟರ್ ಉದ್ದ, ಇಪ್ಪತ್ತು ಸೆಂಟಿಮೀಟರ್ ಅಗಲದ ಹಲಗೆ ಎಂದಿಟ್ಟುಕೊಳ್ಳಿ. ಮೂರು ಮೀಟರ್ ನೀರು ನಿಂತಾಗ ಎಲ್ಲಕ್ಕಿಂತ ಮೇಲಿನ ಹಲಗೆಯನ್ನು ನೀರು ದೂಡುವ ಬಲ ಸುಮಾರು 40 ಕಿಲೋ. ತಳದ ಹಲಗೆಯ ಮೇಲೆ 1,160 ಕಿಲೋ. ಮೇಲಿನದನ್ನು ಇಬ್ಬರು ಎಳೆದು ತೆಗೆಯಬಹುದು, ತಳದ್ದು ನೀರು ಇಳಿಯುವ ತನಕ ಅಲುಗುವುದಿಲ್ಲ. ಹಾಗಾಗಿ ಹಲಗೆ ತೆಗೆಯುವುದು ಮಳೆ ಬಂದ ದಿನ ನೆನಪಾಗಿ ಓಡಿ ಮಾಡುವ ಕೆಲಸವಲ್ಲ. ಮೇಲಿನಿಂದ ಒಂದೊಂದಾಗಿ, ನೀರನ್ನು ಇಳಿಸುತ್ತ, ದಿನ ತೆಗೆದುಕೊಂಡು ಮಾಡಬೇಕು. ತಡವಾದರೆ ಮೊದಲ ನೆರೆ ಮರದ ದಿಮ್ಮಿ, ಬಿದಿರುಮೆಳೆ, ಕಸ ಎಲ್ಲವನ್ನೂ ಹಲಗೆಗೆ ತಂದು ಒಡ್ಡುತ್ತದೆ. ದಾರಿ ಸಿಗದ ನೀರು ಅಣೆಕಟ್ಟನ್ನು ಬಿಟ್ಟು ಬದಿಯ ದರೆಯನ್ನು ಕೊರೆದು ಪಕ್ಕದವರ ಅಡಿಕೆ ತೋಟದೊಳಗೆ ಹೊಸ ಹೊಳೆ ಮಾಡಿಕೊಳ್ಳುತ್ತದೆ.

ಇಡುವುದಕ್ಕೂ ಹೊತ್ತಿದೆ. ಬೇಗ ಇಟ್ಟರೆ ಹಿಂಗಾರಿನ ಒಂದು ಜೋರು ಮಳೆ ಹಲಗೆಯನ್ನೇ ಕೊಂಡುಹೋಗಬಹುದು. ಜನವರಿ ಕಳೆದು ಇಟ್ಟರೆ ತೋಡಿನಲ್ಲಿ ನಿಲ್ಲಿಸಲು ನೀರೇ ಇರುವುದಿಲ್ಲ. ಷಷ್ಠಿಯ ಸುಮಾರಿಗೆ ಹಲಗೆ ಕೆಳಗೆ, ಪತ್ತನಾಜೆಯೊಳಗೆ ಹಲಗೆ ಮೇಲೆ: ನಮ್ಮ ಕಡೆಗೆ ಹೊಂದುವ ಲೆಕ್ಕ ಇದು. ಆದರೂ ಆಯಾ ವರ್ಷದ ದಿನವನ್ನು ಹೇಳಬೇಕಾದವನು ತೋಡಿನ ಬದಿಯಲ್ಲಿ ಬದುಕುವವನೇ.

ಕಾಂಕ್ರೀಟ್ ಬರುವ ಮೊದಲು ಇದೇ ಕೆಲಸವನ್ನು ಕಟ್ಟಗಳು ಮಾಡುತ್ತಿದ್ದವು. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸಲಿಕೆ. ಪ್ರತಿ ವರ್ಷ ಊರವರು ಸೇರಿ ಕಟ್ಟುವುದು, ಮಳೆಗಾಲದಲ್ಲಿ ಅದು ಹೋಗುವುದು, ಮತ್ತೆ ಕಟ್ಟುವುದು. ಕಾಸರಗೋಡಿನ ಏತಡ್ಕದಂಥ ಕಡೆ ಒಂದೇ ತೋಡಿಗೆ ಸಾಲು ಕಟ್ಟಗಳನ್ನು ಕಟ್ಟುವ ಪದ್ಧತಿಯನ್ನು ಉಳಿಸಿಕೊಂಡವರಿದ್ದಾರೆ. ಶ್ರೀಪಡ್ರೆಯವರು ಇಂಥ ಕಟ್ಟಗಳ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ. ಕಟ್ಟ ನಿಂತರೆ ತೋಡಿನ ಮೇಲಷ್ಟೇ ಅಲ್ಲ, ಬದಿಯ ಬಾವಿಗಳಲ್ಲೂ ಒರತೆ ನಿಲ್ಲುತ್ತದೆ. ಉಳಿದೆಡೆ ಕಟ್ಟಗಳು ಹೋದದ್ದಕ್ಕೆ ಕಾರಣಗಳು ಹಲವು: ಪಂಪ್‌ಸೆಟ್ಟು, ಬೋರ್‌ವೆಲ್ಲು, ಕೂಲಿ ಸಿಗದಿರುವುದು. ಕೂಲಿ ಸಿಗದಿರುವುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಿ. ಆ ಕೈಗಳು ಎಲ್ಲಿಗೆ ಹೋದವು? ಮಾಟುಂಗ, ದಾದರ್, ಪರೇಲ್‌ಗಳ ಹೋಟೆಲುಗಳಿಗೆ, ಬ್ಯಾಂಕುಗಳಿಗೆ, ಆಮೇಲೆ ನಮ್ಮಂಥವರ ಕಂಪ್ಯೂಟರ್ ಕಚೇರಿಗಳಿಗೆ. ಊರು ಬಿಟ್ಟದ್ದು ತಪ್ಪು ಎನ್ನುತ್ತಿಲ್ಲ. ಬಿಡದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಆದರೆ ಖಾಲಿಯಾದ ಜಾಗಕ್ಕೆ ನಾವು ಗೋಪುರ ಕಳಿಸಿದೆವು, ಕೂಲಿಯವನನ್ನು ಕಳಿಸಲಿಲ್ಲ.

ಸರಕಾರ ಕಳಿಸಿದ್ದು ಕಾಂಕ್ರೀಟ್. ಪಶ್ಚಿಮ ವಾಹಿನಿ ಯೋಜನೆಯ ಹೆಸರಿನಲ್ಲಿ ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳು ಬರುತ್ತಿವೆ. ಅದನ್ನು ವಿರೋಧಿಸುವವ ನಾನಲ್ಲ. ನನ್ನ ತಕರಾರು ಕಟ್ಟಿದ ಮರುವರ್ಷದಿಂದ ಶುರುವಾಗುತ್ತದೆ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಉದ್ಘಾಟನೆಯ ಶಿಲಾಫಲಕ ಇನ್ನೂ ಹೊಳೆಯುತ್ತಿದೆ, ಎರಡು ಬೇಸಿಗೆಗಳಿಂದ ಹಲಗೆ ಬಿದ್ದಿಲ್ಲ. ಕೆಲವು ಒಡೆದಿವೆ, ಕೆಲವನ್ನು ಗೆದ್ದಲು ತಿಂದಿದೆ, ಕೆಲವು ಯಾರದೋ ಬಚ್ಚಲೊಲೆಗೆ ಹೋಗಿವೆ. ಗುತ್ತಿಗೆದಾರರ ಅವಧಿ ಮುಗಿದಿದೆ. ಪಂಚಾಯತಿನವರು ಇಲಾಖೆ ಎನ್ನುತ್ತಾರೆ, ಇಲಾಖೆಯವರು ಬಳಕೆದಾರರು ಎನ್ನುತ್ತಾರೆ, ಬಳಕೆದಾರರು ಬೋರ್‌ವೆಲ್ ಕೊರೆಸುತ್ತಾರೆ. ಏಪ್ರಿಲ್ ಬಂದಾಗ ಅಣೆಕಟ್ಟಿನ ಕೆಳಗೆ ಹುಡುಗರು ಕ್ರಿಕೆಟ್ ಆಡುತ್ತಾರೆ. ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಸಪೋರ್ಟ್ ಟೀಮ್ ಇಲ್ಲದ ಗೋ-ಲೈವ್ ಎನ್ನುತ್ತೇವೆ. ಅಂಥ ಪ್ರಾಜೆಕ್ಟಿಗೆ ಯಾವ ಗಿರಾಕಿಯೂ ಸಹಿ ಹಾಕುವುದಿಲ್ಲ. ಹೊಳೆಗೆ ಸಹಿ ಹಾಕುವ ಅಧಿಕಾರವಿಲ್ಲ, ಅಷ್ಟೆ.

ಮರದ ಹಲಗೆಯ ಬದಲು ಈಗ ಫೈಬರ್ ಹಲಗೆ ಬಂದಿದೆ, ಒಳ್ಳೆಯದೇ. ಗೆದ್ದಲು ಹಿಡಿಯುವುದಿಲ್ಲ, ಹೊರಲು ಹಗುರ. ಆದರೆ ಫೈಬರ್ ಹಲಗೆಯೂ ಶೆಡ್ಡಿನಿಂದ ಎದ್ದು ತಾನಾಗಿ ಬಂದು ಕೂರುವುದಿಲ್ಲ.

ಹಾಗಾದರೆ ಗೇಟನ್ನೇ ಹಾಕಿಬಿಡೋಣ, ಗುಂಡಿ ಒತ್ತಿದರೆ ಏಳುವಂಥದ್ದು ಎನ್ನುವವರಿದ್ದಾರೆ. ಅವರು 2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸಿಕೊಳ್ಳಲಿ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿತ್ತು, ಅಂದರೆ ಸುಮಾರು 105 ಟಿಎಂಸಿ. ಒಂದು ಗೇಟಿನ ಮೇಲೆ ಬೀಳುವ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳದ ಭತ್ತದ ರೈತರು ತಮ್ಮ ಬೆಳೆಯ ನೀರು ನದಿಗೆ ಹೋಗುವುದನ್ನು ಟೀವಿಯಲ್ಲಿ ನೋಡಿದರು. ಕೊನೆಗೆ ಕಾಪಾಡಿದ್ದು ಯಾವುದು? ಹಲಗೆ. ಅದರ ಇಂಗ್ಲಿಷ್ ಹೆಸರು ಸ್ಟಾಪ್‌ಲಾಗ್. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿಗೆ ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಅವಸರದಲ್ಲಿ ಮಾಡಿಸಿ, ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಮೊದಲನೆಯದು ಆಗಸ್ಟ್ 16ಕ್ಕೆ, ಐದೂ 17ರ ರಾತ್ರಿಗೆ. ಅವರ ಕೆಲಸಕ್ಕೆ ಕೈ ಮುಗಿಯಬೇಕು. ಅದೇ ಉಸಿರಿನಲ್ಲಿ ಕೇಳಬೇಕಾದ್ದೂ ಇದೆ: 1953ರಿಂದ ನೀರು ಹಿಡಿಯುತ್ತಿರುವ, ಮೂರು ರಾಜ್ಯಗಳು ನಂಬಿಕೊಂಡ ಅಣೆಕಟ್ಟಿಗೆ ಆ ಐದು ತುಂಡುಗಳನ್ನು ಮೊದಲೇ ಮಾಡಿಸಿ ಇಡಬೇಕು ಎಂದು ಯಾಕೆ ಯಾರಿಗೂ ತೋಚಲಿಲ್ಲ? ಹಳೆಯ ವಿನ್ಯಾಸದಲ್ಲಿ ಅದಕ್ಕೆ ಜಾಗ ಇರಲಿಲ್ಲ ಎಂಬುದು ಉತ್ತರ. ಏಳು ದಶಕಗಳಲ್ಲಿ ಜಾಗ ಮಾಡಿಕೊಳ್ಳಬಹುದಿತ್ತು. 2025ರ ಮಳೆಗಾಲದಲ್ಲಿ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೇ ನಿಲ್ಲಿಸಿದರು. ಮಳೆ ಬಂದರೂ ಹಿಡಿದಿಟ್ಟುಕೊಳ್ಳಲಾಗದ ಸ್ಥಿತಿ!

ದೊಡ್ಡ ಗೇಟಿಗೂ ಚಿಕ್ಕ ಹಲಗೆಗೂ ರೋಗ ಒಂದೇ. ಕಟ್ಟುವುದಕ್ಕೆ ಹಣವಿದೆ, ಕಾಯುವುದಕ್ಕಿಲ್ಲ.

ಹಾಗೆಂದು ನೀರು ಕಾಯುವುದು ನಮಗೆ ಬಾರದ ವಿದ್ಯೆಯೇನಲ್ಲ, ನಾವು ಬದುಕುತ್ತಿರುವ ಈ ಊರನ್ನೇ ನೋಡಿ. ಮುಂಬಯಿಯ ಮಳೆನೀರು ಸಮುದ್ರ ಸೇರುವ ಬಾಯಿಗಳಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಉಬ್ಬರದ ಹೊತ್ತಿಗೆ ಜೋರು ಮಳೆ ಬಂದರೆ ಚರಂಡಿಯ ನೀರು ಹೊರಹೋಗುವುದಿಲ್ಲ, ಸಮುದ್ರವೇ ಒಳಗೆ ಬರುತ್ತದೆ. 1993ರಲ್ಲೇ ಬ್ರಿಮ್‌ಸ್ಟೊವಾಡ್ ವರದಿ ಇದಕ್ಕೆ ದಾರಿ ಹೇಳಿತ್ತು. ಕಪಾಟಿನಿಂದ ಅದು ನಿಜವಾಗಿ ಹೊರಬರಲು 2005ರ ಜುಲೈ 26 ಬೇಕಾಯಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ದಿನ ಅದು. ಆಮೇಲೆ ಹಾಜಿ ಅಲಿ, ಲವ್‌ಗ್ರೋವ್, ಬ್ರಿಟಾನಿಯಾ ಮೊದಲಾದ ಕಡೆ ಪಂಪಿಂಗ್ ಸ್ಟೇಷನ್‌ಗಳು ಬಂದವು. ಉಬ್ಬರಕ್ಕೆ ಬಾಗಿಲು ಮುಚ್ಚುವುದು, ಒಳಗಿನ ನೀರನ್ನು ಎತ್ತಿ ಹೊರಗೆ ಹಾಕುವುದು, ಇಳಿತಕ್ಕೆ ತೆರೆಯುವುದು. ಹಿಂದ್‌ಮಾತಾ ಇನ್ನೂ ಮುಳುಗುತ್ತದೆ ಎಂಬುದು ದಾದರಿನವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆಂದೇ ಪ್ರಮೋದ್ ಮಹಾಜನ್ ಉದ್ಯಾನದ ಅಡಿಯಲ್ಲಿ ನೀರು ಹಿಡಿಯುವ ಟಾಂಕಿ ಮಾಡಿದ್ದಾರೆ. ಪಾಲಿಕೆಯನ್ನು ಬಯ್ಯಲು ಕಾರಣಗಳು ಬೇಕಷ್ಟಿವೆ. ಆದರೆ ಒಂದು ವಿಷಯದಲ್ಲಿ ಅದು ನಮ್ಮ ಊರುಗಳಿಗಿಂತ ಮುಂದಿದೆ. ಸಮುದ್ರ ನಾಲ್ಕೂವರೆ ಮೀಟರ್ ದಾಟಿ ಏರುವ ದಿನಗಳ ಪಟ್ಟಿಯನ್ನು ಮಳೆಗಾಲಕ್ಕೆ ಮುಂಚೆ ಪ್ರಕಟಿಸುತ್ತದೆ, ಪಂಪಿನ ಮುಂದೆ ಡ್ಯೂಟಿಯ ಮೇಲೆ ಮನುಷ್ಯರನ್ನು ಕೂರಿಸುತ್ತದೆ.

ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಈ ಊರೇ ತೋರಿಸಿದೆ. 2017ರ ಆಗಸ್ಟ್ 29ರ ಮಳೆಯಲ್ಲಿ ಇಲ್ಲೇ ಪಕ್ಕದ ಪ್ರಭಾದೇವಿ, ಎಲ್ಫಿನ್‌ಸ್ಟನ್ ಭಾಗದಲ್ಲಿ ನೀರು ಇಳಿಯಲೆಂದು ಮ್ಯಾನ್‌ಹೋಲಿನ ಮುಚ್ಚಳ ತೆಗೆದಿದ್ದರು. ನಡೆದು ಮನೆಗೆ ಹೋಗುತ್ತಿದ್ದ ಹೆಸರಾಂತ ವೈದ್ಯರೊಬ್ಬರು ಅದರೊಳಗೆ ಬಿದ್ದು ತೀರಿಕೊಂಡರು. ತೆಗೆಯುವುದು, ಮುಚ್ಚುವುದು, ಪಕ್ಕದಲ್ಲಿ ನಿಂತು ಕಾಯುವುದು ಒಬ್ಬ ಗೊತ್ತಾದ ಮನುಷ್ಯನ ಕೆಲಸವಾಗಿರಬೇಕು. ಎಲ್ಲರ ಕೆಲಸವಾದರೆ ಸಾವು.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಸರಕಾರದ್ದು ಹೌದು, ಸರಕಾರವೇ ಮಾಡಬೇಕು. ಹಲಗೆಯ ಖರ್ಚು, ಇಡುವ ಕೂಲಿ, ಎತ್ತುವ ಕೂಲಿ ಅಣೆಕಟ್ಟಿನ ಅಂದಾಜಿನಲ್ಲೇ ವರ್ಷ ವರ್ಷದ ಬಾಬತ್ತಾಗಿ ಇರಬೇಕೆಂದು ಶಾಸಕರಲ್ಲಿ ಕೇಳಬೇಕು. ಮುಂಬಯಿಗೆ ಬಂದಾಗ ಅವರಿಗೆ ಶಾಲು, ಪೇಟ ತೊಡಿಸುವ ನಾವು ಇಷ್ಟು ಕೇಳಬಹುದು. ಅದು ಆಗುವ ತನಕ ತೋಡು ಕಾಯುವುದಿಲ್ಲ. ದೇವಸ್ಥಾನವೂ ಪಂಚಾಯತಿನ ರಸ್ತೆಯ ಬದಿಯಲ್ಲೇ ಇರುತ್ತದೆ, ಅದರ ದ್ವಾರಕ್ಕೆ ಹಣ ಕೊಡುವಾಗ ಇದು ಯಾರದ್ದು ಎಂದು ನಾವು ಕೇಳಲಿಲ್ಲ. ಹಲಗೆಯ ತೊಂದರೆ ಒಂದೇ, ಅದರ ಮೇಲೆ ದಾನಿಗಳ ಹೆಸರು ಕೆತ್ತಲಾಗುವುದಿಲ್ಲ. ಕೆತ್ತಿದರೂ ಅರ್ಧ ವರ್ಷ ನೀರಿನಡಿ, ಉಳಿದರ್ಧ ಶೆಡ್ಡಿನ ಕತ್ತಲಲ್ಲಿ.

ಬೇಕಾಗಿರುವುದು ಹೆಚ್ಚೇನಲ್ಲ. ಒಂದು ಅಣೆಕಟ್ಟಿಗೆ ತೋಡಿನ ಬದಿಯ ಒಬ್ಬರನ್ನು ಗೊತ್ತು ಮಾಡಿ ವರ್ಷಕ್ಕೆ ಇಷ್ಟು ಎಂದು ಸಂಬಳ. ಅವರ ಜೊತೆಗೆ ಇಡುವಾಗ ಎರಡು ದಿನ, ಎತ್ತುವಾಗ ಎರಡು ದಿನ ನಾಲ್ಕು ಜನರ ಕೂಲಿ. ಹಲಗೆ ಇಡಲು ಬೀಗ ಇರುವ ಒಂದು ಮಾಡು. ಒಡೆದದ್ದಕ್ಕೆ ಬದಲಿ ಎಂದು ಹತ್ತಕ್ಕೆ ಒಂದು ಹೆಚ್ಚುವರಿ ಹಲಗೆ. ಸಂಘದ ವಾರ್ಷಿಕೋತ್ಸವದ ಊಟದ ಖರ್ಚಿನ ಮುಂದೆ ಇದು ಸಣ್ಣ ಮೊತ್ತ. ಮುಂದಿನ ಸಭೆಗೆ ಬರುವವರು ಬರುವ ಮೊದಲು ಊರಿಗೆ ಒಂದು ಫೋನು ಮಾಡಲಿ. ತಮ್ಮ ತೋಡಿನ ಅಣೆಕಟ್ಟಿಗೆ ಎಷ್ಟು ಕಿಂಡಿ, ಎಷ್ಟು ಹಲಗೆ ಉಳಿದಿದೆ, ಅವು ಯಾರ ಮನೆಯ ಅಂಗಳದಲ್ಲಿವೆ, ಕಳೆದ ಷಷ್ಠಿಗೆ ಇಟ್ಟವರು ಯಾರು ಎಂದು ಕೇಳಿ ಬರೆದುಕೊಂಡು ಬರಲಿ.