ಹಾಡಿದವರ ಹೆಸರು

ಜನಪದ ಗೀತಗಳಿಗೆ ಕರ್ತೃವಿಲ್ಲವೆಂಬ ಮಾತನ್ನು ನಾವೆಲ್ಲರೂ ಕೇಳಿರುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇವೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯು ಮಳೆ ಕಡಮೆಯಾದ ಬಯಲು. ಪರಶುರಾಂಪುರದ ಬಳಿ ವೇದಾವತಿಯು ಹರಿಯುವುದಾದರೂ ಅಲ್ಲಿಯ ಬಹುಜನರ ಬಾಳು ಮಳೆಯಾಧಾರದ ಹೊಲವನ್ನೂ ಕುರಿಮಂದೆಯನ್ನೂ ನಂಬಿದುದು. ಈ ತಾಲ್ಲೂಕಿನ ತಳುಕು ಗ್ರಾಮದ ಹೆಸರನ್ನು ಸಾಹಿತ್ಯಪ್ರಿಯರು ಬಲ್ಲರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಅಲ್ಲಿಯವರು, ಕಾದಂಬರಿಕಾರ ತ. ರಾ. ಸುಬ್ಬರಾಯರು (1920–1984) ಅದೇ ಮನೆತನದವರು. ಆದರೆ ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರನ್ನು ಬಲ್ಲ ಮನೆಗಳೆಷ್ಟು?

ಸಿರಿಯಜ್ಜಿಯವರು ಕಾಡುಗೊಲ್ಲರ ಹೆಣ್ಣುಮಗಳು, ಓದುಬರಹ ಕಲಿತವರಲ್ಲ. ಆದರೂ ಸಾವಿರಾರು ಪದಗಳು ಅವರ ನಾಲಗೆಯ ಮೇಲಿದ್ದುವು. ಜುಂಜಪ್ಪ, ಎತ್ತಪ್ಪ ಮೊದಲಾದ ಹಟ್ಟಿಯ ವೀರರ ಕಥೆಗಳನ್ನು ಕಾಡುಗೊಲ್ಲರು ಇಂದಿಗೂ ಪದಕಟ್ಟಿ ಹಾಡುವರು. ಹಾಡುವವರು ಕೇಳಿದುದನ್ನು ಹಾಗೆಯೇ ಒಪ್ಪಿಸುವವರಲ್ಲ. ಒಂದು ನುಡಿಯನ್ನು ಬಿಟ್ಟು, ಇನ್ನೊಂದನ್ನು ಕೂಡಿಸಿ, ತಮ್ಮ ಸುಖದುಃಖಗಳನ್ನೂ ಅದರೊಳಗೆ ನೇಯುವರು. ಹೀಗೆ ನೇಯ್ದವರು ಕವಿಗಳಲ್ಲದೆ ಮತ್ತೇನು? ಕೃಷ್ಣಮೂರ್ತಿ ಹನೂರರು ಸಿರಿಯಜ್ಜಿಯವರ ಪದಗಳನ್ನು ಕೇಳಿ ಬರೆದುಕೊಂಡು, ಹಾಡಿದವರ ಹೆಸರಿನೊಡನೆಯೇ ಲೋಕದ ಮುಂದಿಟ್ಟರು. ಆದುದರಿಂದಲೇ ಇಂದು ನಾವು ಆಕೆಯನ್ನು ಹೆಸರು ಹಿಡಿದು ನೆನೆಯಬಲ್ಲೆವು.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಬೀಸುವ ಕಲ್ಲಿನ ಮುಂದಣ ಹಾಡಿಗೆ ಪುಸ್ತಕದ ಮರ್ಯಾದೆ ದೊರೆಯಿತು. ಹಾಡಿಗೆ ಸಂದ ಆ ಮರ್ಯಾದೆ ಹಾಡಿದವರಿಗೂ ಸಲ್ಲಬೇಡವೇ? ಬೀಸುವ ಕಲ್ಲು ಮೂಲೆ ಸೇರಿತು. ಅದರ ಮುಂದೆ ಕುಳಿತು ಹಾಡಿದವರಲ್ಲಿ ಹಲವರು ನಮ್ಮ ಮನೆಗಳಲ್ಲಿಯೇ ಮೂಲೆ ಸೇರಿರುವರು. ಪ್ರಾಯ ಸಂದವರ ಹಾಡು ನಮಗಾಗಿ ಕಾದು ಕುಳಿತಿರುವುದಿಲ್ಲ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ಅಜ್ಜಿಯಾಗಲಿ, ಕಳೆ ತೆಗೆಯಲು ಬರುವ ಕೂಲಿಯ ಹೆಂಗಸಾಗಲಿ, ಪದ ಹೇಳಬಲ್ಲವರಿದ್ದರೆ ಬಿಡುವಾದಾಗ ಬಳಿ ಕುಳಿತು ಕೇಳಿರಿ. ಅವರು ಒಪ್ಪಿದರೆ ಮಕ್ಕಳ ಕೈಯಿಂದ ಬರೆಯಿಸಿರಿ. ಅವರ ಮಾತನ್ನು ತಿದ್ದಬೇಡಿರಿ. ಯಾವ ಕೆಲಸದಲ್ಲಿ ಹಾಡುವ ಪದ, ಯಾರಿಂದ ಕಲಿತುದು, ಯಾವ ಊರಿನದು ಎಂಬುದನ್ನು ಕೇಳಿ ಬರೆಯಿರಿ. ಎಲ್ಲಕ್ಕೂ ಮೊದಲು ಹಾಡಿದವರ ಹೆಸರನ್ನು ಬರೆಯಿರಿ. ಪದವನ್ನುಳಿಸಿಕೊಂಡು ಹೆಸರನ್ನು ಮರೆಯುವುದೆಂದರೆ, ಬೆಳೆಯನ್ನು ಮನೆಗೆ ತಂದು ಬೆಳೆದವಳನ್ನು ಹೊಲದಲ್ಲಿಯೇ ಬಿಟ್ಟುಬಂದಂತೆ.