ಹುಡುಕುವ ಆಟ ಬರಲಿ, ಡಬ್ಬಿ ಸಂಘದ ಅಂಗಳದಲ್ಲೇ ಇರಲಿ

ಆರ್.ಕೆ.ಪುರಂ: ರಜೆ ಬಂತೆಂದರೆ ರಾಜಧಾನಿಯ ಕನ್ನಡ ಮನೆಗಳಲ್ಲಿ ಮಕ್ಕಳು ಮೊಬೈಲ್ ಹಿಡಿದು ಒಂದು ಮೂಲೆ, ಹಿರಿಯರು ಟಿ.ವಿ. ಮುಂದೆ ಇನ್ನೊಂದು ಮೂಲೆ. ಅದೇ ಮೊಬೈಲ್ ಹಿಡಿದು ಇಡೀ ಸಂಸಾರ ಹೊರಗೆ ನಡೆದಾಡುವ ಆಟವೊಂದಿದೆ. ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ನೆರವಿನಿಂದ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಒಳಗಿನ ಆಟಿಕೆ ತೆಗೆದುಕೊಂಡವರು ಅಷ್ಟೇ ಬೆಲೆಯ ಅಥವಾ ಹೆಚ್ಚಿನದನ್ನು ಇಡಬೇಕು. ಜಮಾ-ಖರ್ಚು ಸರಿಹೋಗಬೇಕೆಂಬುದು ಆಟದ ಧರ್ಮ.

ಆಟ ಹುಟ್ಟಿದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಸುಮಾರು ನೂರು ಮೀಟರ್ ಹೆಚ್ಚುಕಮ್ಮಿ ಆಗುತ್ತಿತ್ತು. ಆ ತಿಂಗಳ ಆರಂಭದಲ್ಲಿ ಅದು ನಿಂತಿತು. ಮೇ 3ರಂದೇ ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದಲ್ಲಿ ಬಕೆಟ್ಟೊಂದನ್ನು ಬಚ್ಚಿಟ್ಟು ಅದರ ಠಿಕಾಣಿ ಪ್ರಕಟಿಸಿದರು. ಇಂದು ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಹಾಗೆಂದು ಈ ಆಟವನ್ನು ಇದ್ದಂತೆಯೇ ಆರ್.ಕೆ.ಪುರಂಗೆ ತರುವುದು ತಪ್ಪಾದೀತು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂದು ಬಸ್ಸು, ಮೆಟ್ರೋಗಳಲ್ಲಿ ಕೇಳುತ್ತಲೇ ಬೆಳೆದವರು ದೆಹಲಿಯ ಮಕ್ಕಳು. ಆ ಎಚ್ಚರಿಕೆಗೆ ಕಾರಣವಿದೆ. 2005ರ ಅಕ್ಟೋಬರ್ 29ರಂದು ಬಾಂಬ್ ಸಿಡಿದ ಸರೋಜಿನಿ ನಗರದ ಮಾರುಕಟ್ಟೆ ಇಲ್ಲಿಗೆ ಕೂಗಳತೆಯಲ್ಲಿದೆ. 2008ರ ಸೆಪ್ಟೆಂಬರ್ 27ರಂದು ಮೆಹ್ರೌಲಿಯಲ್ಲಿ, ಬೈಕಿನವರು ಬೀಳಿಸಿಹೋದ ಚೀಲವನ್ನು ಅವರಿಗೇ ಹಿಂದಿರುಗಿಸಲು ಎತ್ತಿಕೊಂಡ ಬಾಲಕ ಅದು ಸಿಡಿದು ಪ್ರಾಣ ಬಿಟ್ಟ. ಇಂಥ ಊರಿನಲ್ಲಿ ಪೊದೆಯೊಳಗಿನ ಡಬ್ಬಿಗೆ ಕೈಹಾಕು ಎಂದು ಮಕ್ಕಳಿಗೆ ಹೇಳಿಕೊಡುವುದು ಹೇಗೆ? ಡಬ್ಬಿ ಕಂಡ ನೆರೆಯವರು ಪೊಲೀಸರಿಗೆ ಫೋನ್ ಮಾಡಿದರೆ ಅವರದೂ ತಪ್ಪಲ್ಲ.

ಆದರೆ ಇದಕ್ಕಾಗಿ ಆಟವನ್ನೇ ಕೈಬಿಡಬೇಕಾಗಿಲ್ಲ. ಜಾಗದ ಒಡೆಯರ ಅನುಮತಿಯಿಲ್ಲದೆ ಡಬ್ಬಿ ಇಡಬಾರದೆಂಬುದು ಮೂಲ ಆಟದಲ್ಲೇ ಇರುವ ನಿಯಮ. ಡಬ್ಬಿಯೇ ಇಲ್ಲದ ಬಗೆಯೂ ಇದೆ. 2004ರಲ್ಲಿ ಆರಂಭವಾದ 'ಅರ್ಥ್‌ಕ್ಯಾಶ್' ಎಂಬುದರಲ್ಲಿ ಸ್ಥಳಕ್ಕೆ ಹೋಗಿ, ಅಲ್ಲಿನ ಕಲ್ಲು, ಮಣ್ಣು ನೋಡಿ, ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ನಮ್ಮ ಬಡಾವಣೆಗೆ ಒಪ್ಪುವುದು ಇದೇ.

ಸ್ಥಳಗಳಿಗೇನೂ ಬರವಿಲ್ಲ. ಸೆಕ್ಟರ್ 7ರ ಗುಡ್ಡದ ಮೇಲೆ 1973ರಲ್ಲಿ ಕುಂಭಾಭಿಷೇಕವಾದ ಮಲೈ ಮಂದಿರವಿದೆ. ಸೆಕ್ಟರ್ 5ರ ವಜೀರ್‌ಪುರ ಗುಂಬದ್ ಆವರಣದಲ್ಲಿ ಲೋದಿ ಕಾಲದ ಗೋರಿಗಳೂ ಮೆಟ್ಟಿಲುಬಾವಿಯೂ ಇವೆ. ನಿತ್ಯ ಬಸ್ಸಿನಲ್ಲಿ ಇದರ ಹತ್ತಿರವೇ ಹಾದುಹೋಗುವ ಎಷ್ಟು ಕನ್ನಡ ಕುಟುಂಬಗಳು ಒಮ್ಮೆ ಇಳಿದು ನೋಡಿವೆ? ಮೆಟ್ಟಿಲೆಷ್ಟು, ಕಮಾನೆಷ್ಟು ಎಂದು ಎಣಿಸಿ ಬಂದ ಉತ್ತರಗಳಿಂದ ಕೊನೆಯ ಠಿಕಾಣಿ ಸಿಗುವಂತೆ ಪ್ರಶ್ನೆ ಜೋಡಿಸಬಹುದು. ನಿಜವಾದ ಡಬ್ಬಿಯನ್ನು ಮಾತ್ರ ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘದ ಆವರಣದಲ್ಲಿ, ಪದಾಧಿಕಾರಿಗಳ ಒಪ್ಪಿಗೆ ಪಡೆದು, ಕಾವಲುಗಾರರಿಗೂ ತಿಳಿಸಿ ಇಡಬೇಕು. ಮುಚ್ಚಳದ ಮೇಲೆ ಕನ್ನಡ, ಹಿಂದಿಯಲ್ಲಿ ವಿವರವಿರಲಿ. ತಿಂಡಿ ಬೇಡ, ಇರುವೆ ಮುತ್ತುತ್ತದೆ.

ಹೊಸಬರು ತಿಳಿಯಬೇಕಾದದ್ದು ಬಹಳವಿಲ್ಲ. ಇಲ್ಲಿನ ಠಿಕಾಣಿ ಸುಮಾರು 28 ಡಿಗ್ರಿ 34 ಮಿನಿಟು ಉತ್ತರ, 77 ಡಿಗ್ರಿ 10 ಮಿನಿಟು ಪೂರ್ವ. ಮಿನಿಟಿನ ಮುಂದೆ ಮೂರು ದಶಾಂಶ ಬರೆಯುವುದು ರೂಢಿ. ಅಕ್ಷಾಂಶದ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಎರಡು ಮೀಟರಿಗೂ ಕಡಿಮೆ. ಆದರೆ ಮರದಡಿಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಮೊಬೈಲ್ ಅಷ್ಟು ನಿಖರವಲ್ಲ. ಕೊನೆಯ ಹತ್ತು ಮೀಟರ್ ಬಂದಾಗ ಮೊಬೈಲ್ ಜೇಬಿಗೆ ಹಾಕಿ ಕಣ್ಣಿಗೆ ಕೆಲಸ ಕೊಡಬೇಕು. ಡಬ್ಬಿ ಹಾಗೂ ಸ್ಥಳಗಳಿಗೆ ಕಷ್ಟದ ಅಂಕ 1ರಿಂದ 5ರವರೆಗೆ ಇರುತ್ತದೆ. ಮಕ್ಕಳೊಂದಿಗೆ 1ರಿಂದಲೇ ಶುರುಮಾಡುವುದು ಕ್ಷೇಮ. ಪೆನ್ನು, ನೀರು ಜೊತೆಗಿರಲಿ. ಸೇನೆಯ ಜಾಗಗಳ ಬೇಲಿಯತ್ತ ಸುಳಿಯುವುದು ಬೇಡ.

ಇನ್ನು ಮುಖ್ಯ ಮಾತು. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಸುಳಿವುಗಳನ್ನು ಕನ್ನಡದಲ್ಲಿ, ಠಿಕಾಣಿಯನ್ನು ಕನ್ನಡ ಅಂಕಿಗಳಲ್ಲಿ ಬರೆದರೆ ಓದದೆ ಗತ್ಯಂತರವಿಲ್ಲ. ಏಳು ಯಾವುದು, ಒಂಬತ್ತು ಯಾವುದು ಎಂದು ಅಜ್ಜಿಯನ್ನು ಕೇಳಿಯೇ ಮುಂದೆ ಹೋಗಬೇಕು. ಅಜ್ಜಿಗೆ ಮೊಬೈಲ್ ತಿಳಿಯದು, ಮೊಮ್ಮಗನಿಗೆ ಅಂಕಿ ತಿಳಿಯದು. ಇಬ್ಬರೂ ಸೇರಿದರೆ ದಾರಿ ಸಿಗುತ್ತದೆ. ಭಾಷಣ ಮಾಡಿ ಉಳಿಸಲಾಗದ ಅಕ್ಷರ ಹೀಗಾದರೂ ಉಳಿದೀತು.

ಖರ್ಚೆಂದರೆ ಒಂದು ಡಬ್ಬಿ, ಒಂದು ನೋಟುಪುಸ್ತಕ, ನಾಲ್ಕಾರು ಆಟಿಕೆ. ಚಳಿಯೂ ಹೊಗೆಮಂಜೂ ಇಳಿಯುವ ಫೆಬ್ರುವರಿಯಲ್ಲಿ, ಪರೀಕ್ಷೆಗಳ ಗಡಿಬಿಡಿಗೆ ಮುನ್ನ, ಒಂದು ಭಾನುವಾರ ಬೆಳಿಗ್ಗೆ ಹತ್ತು ಕುಟುಂಬಗಳಿಂದ ಆರಂಭಿಸಬಹುದು. ಸಂಘ ಸಂಸ್ಥೆಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಇದನ್ನು ಪರಿಶೀಲಿಸುವುದು ಒಳಿತು.